ಪಡಸಾಲೆಯನ್ನು ನುಂಗಿದ ಕಾರು

ನಮ್ಮ ಶಿಕಾರಿಪುರದ ಮನೆಯಲ್ಲಿ ಕೂರಲು ಜಾಗವಿರಲಿಲ್ಲ ಎಂದರೆ ಹೊರಗಿನವರು ನಗುತ್ತಿದ್ದರು. ಬೀದಿಯಿಂದ ನೋಡಿದವರಿಗೆ ಅದು ಅನುಕೂಲಸ್ಥರ ಮನೆ. ಆಚೀಚೆ ಜಗುಲಿ, ದೊಡ್ಡ ಹೊಸಿಲು, ಒಳಗೆ ಕಂಬಗಳ ಪಡಸಾಲೆ, ಅದರ ಹಿಂದೆ ನಡುಮನೆ, ಅಡುಗೆಮನೆ, ಬಚ್ಚಲು, ಪಕ್ಕದಲ್ಲಿ ಗಾಡಿ ನಿಲ್ಲಿಸುವ ಚಪ್ಪರ. ಆದರೆ ನನಗೆ ತಿಳಿವಳಿಕೆ ಬಂದ ಮೇಲೆ ಆ ಪಡಸಾಲೆಯಲ್ಲಿ ನಾನು ಕಾಲು ಚಾಚಿ ಕೂತದ್ದು ನೆನಪಿಲ್ಲ. ಅಲ್ಲಿ ಒಂದು ಕಾರಿನ ಹೊಟ್ಟೆಯೊಳಗಿನದೆಲ್ಲ ಹರಡಿಕೊಂಡಿತ್ತು. ಗೋಣಿಚೀಲದ ಮೇಲೆ ಸಾಲಾಗಿ ನಟ್ಟು, ಬೋಲ್ಟು, ಸ್ಪ್ರಿಂಗು. ಕಂಬಕ್ಕೆ ಒರಗಿಸಿದ ರೇಡಿಯೇಟರು. ಅಜ್ಜಿ ಕೂತು ಎಲೆಅಡಿಕೆ ಹಾಕಬೇಕಾದ ಮೂಲೆಯಲ್ಲಿ ಸೀಮೆಎಣ್ಣೆ ಬೋಗುಣಿ, ಅದರೊಳಗೆ ಪಿಸ್ಟನ್ನುಗಳು. ಬಾಗಿಲಿಂದ ನಡುಮನೆಗೆ ಹೋಗಲು ಒಬ್ಬರೇ ನಡೆಯುವಷ್ಟು ದಾರಿ. ಲಂಗ ಎತ್ತಿ ಹಿಡಿದುಕೊಂಡು ನಡೆಯಬೇಕು. ಒಂದು ಸ್ಕ್ರೂ ಉರುಳಿತೋ ಅಪ್ಪ ಎಲ್ಲಿದ್ದರೂ ಅವರ ದನಿ ಬರುತ್ತಿತ್ತು.

"ಯಾರದು? ಮುಟ್ಟಬ್ಯಾಡ್ರಿ ಅಂತ ಎಷ್ಟು ಸಲ ಹೇಳ್ಲಿ?"

ಆ ಕಾರು ನಮ್ಮ ಮನೆಗೆ ಬಂದದ್ದು ಎತ್ತುಗಳ ಹಿಂದೆ. ಸಾಗರದ ಕಡೆಯ ಸಾಹುಕಾರರೊಬ್ಬರು ಹೊಸ ಕಾರು ತಂದು, ಹಳೆಯದನ್ನು ಹುಲ್ಲಿನ ಬಣವೆಯ ಪಕ್ಕ ನಿಲ್ಲಿಸಿದ್ದರಂತೆ. ಯುದ್ಧಕ್ಕೆ ಬಹಳ ಮೊದಲು ವಿಲಾಯತಿಯಲ್ಲಿ ತಯಾರಾದದ್ದು. ಕಪ್ಪು ಮೈ, ಕಣ್ಣು ಹೊರಗೆ ಬಂದಂಥ ಎರಡು ದೀಪ, ಮಡಚುವ ಕ್ಯಾನ್ವಾಸಿನ ಮಾಡು. ಕಬ್ಬಿನ ಆಲೆಮನೆಗೆ ಎತ್ತು ಕೊಳ್ಳಲು ಹೋದ ಅಪ್ಪ ಅದನ್ನು ನೋಡಿದರು. ಎತ್ತುಗಳನ್ನೂ ತಂದರು, ಆ ಎತ್ತುಗಳಿಗೆ ಕಟ್ಟಿ ಕಾರನ್ನೂ ತಂದರು. ಊರಿನವರೆಲ್ಲ ಬೀದಿಯಲ್ಲಿ ಸಾಲಾಗಿ ನಿಂತು ನೋಡಿದರು. ಅವ್ವ ಆರತಿ ತಟ್ಟೆ ಹಿಡಿದು ಹೊರಗೆ ಬಂದವಳು ಎತ್ತಿಗೆ ಮಾಡಲೋ ಕಾರಿಗೆ ಮಾಡಲೋ ತಿಳಿಯದೆ ಎರಡಕ್ಕೂ ಎತ್ತಿದಳಂತೆ. ಆಗ ನಾನು ತೊಟ್ಟಿಲಲ್ಲಿದ್ದೆ. ನಾನು ಶಾಲೆಗೆ ಹೋಗುವ ಹುಡುಗಿಯಾದಾಗಲೂ ಆ ಕಾರು ಒಮ್ಮೆಯೂ ತನ್ನ ಬಲದಿಂದ ಚಪ್ಪರ ದಾಟಿರಲಿಲ್ಲ.

ಕಾರು ಕೆಟ್ಟಿದ್ದಕ್ಕಿಂತ ಅಪ್ಪನ ಹಟ ದೊಡ್ಡದಾಗಿತ್ತು. ಅದಕ್ಕೆ ಏನೇ ಹಾಕಿದರೂ ಅದರ ಕಂಪನಿಯದ್ದೇ ಹಾಕಬೇಕು ಎಂಬುದು ಅವರ ನೇಮ. ಬೇರೆ ಕಾರಿನ ಒಂದು ನಟ್ಟು ಕೂಡ ಅದರ ಮೈಗೆ ತಾಗಕೂಡದು. ಮುಂಬಯಿಯ ಅಂಗಡಿಯೊಂದಕ್ಕೆ ಬರೆಯುತ್ತಿದ್ದರು, ತಿಂಗಳುಗಟ್ಟಲೆ ಕಾಯುತ್ತಿದ್ದರು, ಪಾರ್ಸಲು ಬಂದಾಗ ಸ್ನಾನ ಮಾಡಿ ಬಿಚ್ಚುತ್ತಿದ್ದರು. ಹೀಗೆ ಒಂದೊಂದೇ ಸೇರಿಸಿ ಎಲ್ಲ ಕೂಡಿಬಂದಿತ್ತು ಎನ್ನುವಾಗ ಒಂದು ಹಲ್ಲುಗಾಲಿ ಉಳಿದುಹೋಯಿತು. ಎಂಜಿನ್ನಿನ ಮುಂಭಾಗದಲ್ಲಿ ಒಂದರ ಹಲ್ಲು ಇನ್ನೊಂದಕ್ಕೆ ಕಚ್ಚಿ ತಿರುಗುವ ಎರಡು ಗಾಲಿಗಳಿದ್ದವು. ಒಂದು ಉಕ್ಕಿನದು. ಎರಡೂ ಉಕ್ಕಿನದಾದರೆ ಕಿವಿ ತೂತಾಗುವ ಸದ್ದು ಬರುತ್ತದೆಂದು ಇನ್ನೊಂದನ್ನು ಬಟ್ಟೆಯ ಪದರಗಳನ್ನು ಯಾವುದೋ ಅಂಟಿನಲ್ಲಿ ಅದುಮಿ, ಕಲ್ಲಿನಂತೆ ಗಟ್ಟಿ ಮಾಡಿ ತಯಾರಿಸಿದ್ದರು. ಅದರ ಹಲ್ಲುಗಳು ಉದುರಿ ಹೋಗಿದ್ದವು. ಅದು ಸಿಗಲಿಲ್ಲ. ನಯಾಪೈಸೆ ಚಲಾವಣೆಗೆ ಬಂದ ಹೊಸತು ಅದು. ವಿಲಾಯತಿ ಸಾಮಾನು ತರಿಸುವುದಕ್ಕೆ ಸರ್ಕಾರ ಬಿಗಿ ಮಾಡಿದೆ, ಕಂಪನಿಯೂ ಆ ಬಗೆಯ ಕಾರು ಮಾಡುವುದನ್ನು ಬಿಟ್ಟಿದೆ ಎಂದು ಮುಂಬಯಿಯವರು ತಿಳಿಸಿದರು. ಅಪ್ಪ ಅದನ್ನು ನಂಬಲೇ ಇಲ್ಲ.

"ಎಲ್ಲೋ ಒಂದು ಕಡೆ ಇದ್ದೇ ಇರ್ತೈತೆ. ಬರ್ತೈತೆ ತಡೀರಿ," ಎನ್ನುತ್ತಿದ್ದರು.

'ಬರ್ತೈತೆ' ಎಂಬ ಆ ಮಾತು ನಮ್ಮ ಮನೆಯ ಗಾಳಿಯಲ್ಲೇ ಇತ್ತು. ಅದು ಬರುವ ತನಕ ಪಡಸಾಲೆ ಹಾಗೇ ಇರಬೇಕು, ಏಕೆಂದರೆ ಅಪ್ಪ ಜೋಡಿಸಿಟ್ಟ ಕ್ರಮದಲ್ಲೇ ಎಲ್ಲವನ್ನೂ ಮತ್ತೆ ಕೂರಿಸಬೇಕಿತ್ತು. ನೆಂಟರು ಬಂದರೆ ನಡುಮನೆಯಲ್ಲಿ, ದೇವರ ಕೋಣೆಯ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಹಬ್ಬದ ಊಟಕ್ಕೆ ಪಂಕ್ತಿ ಹಾಕಲು ಎಡೆಯಿಲ್ಲದೆ ಗಂಡಸರನ್ನು ಜಗುಲಿಯ ಮೇಲೆ ಕೂರಿಸಿ, ಬೀದಿಯಲ್ಲಿ ಹೋಗುವವರ ಕಣ್ಣೆದುರೇ ಹೋಳಿಗೆ ಬಡಿಸಬೇಕಾಗುತ್ತಿತ್ತು. ಆಯುಧಪೂಜೆಯ ದಿನ ಮಾತ್ರ ಆ ಕಾರಿಗೆ ವೈಭವ. ಚಪ್ಪರದಲ್ಲಿ ನಿಂತ ಟೊಳ್ಳು ಕಾರಿಗೆ ಚೆಂಡುಹೂವಿನ ಮಾಲೆ, ಪಡಸಾಲೆಯ ಒಂದೊಂದು ಸಾಮಾನಿಗೂ ವಿಭೂತಿ, ಕುಂಕುಮ. ನಾನು ಬಾಗಿ ಬಾಗಿ ಬೋಲ್ಟುಗಳಿಗೆ ಕುಂಕುಮ ಇಡುತ್ತಾ ಹೋದಂತೆ ನನ್ನ ಸಿಟ್ಟು ಏರುತ್ತಿತ್ತು. ನನ್ನ ಪಾಟಿಚೀಲಕ್ಕೆ ಮನೆಯಲ್ಲಿ ಒಂದು ಗೂಟ ಇರಲಿಲ್ಲ. ನನ್ನ ರೊಟ್ಟಿಗೆ ಸೀಮೆಎಣ್ಣೆ ವಾಸನೆ. ಶಾಲೆಯಲ್ಲಿ ಪಕ್ಕದಲ್ಲಿ ಕೂತ ಹುಡುಗಿ ಮೂಗು ಮುಚ್ಚಿಕೊಂಡು ಆಚೆ ಸರಿಯುತ್ತಿದ್ದಳು. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಪ್ರೀತಿಯಿಂದಲೇ ನಕ್ಕು, "ನಮ್ಮ ಕಾರು ಓಡಿದ ದಿನ ಆ ಹುಡುಗೀನೇ ಬಂದು ಕೂರಿಸ್ಕೋ ಅಂತಾಳೆ, ನೋಡ್ತಿರು," ಎಂದರು. ಪ್ರೀತಿ ಇದ್ದುದರಿಂದಲೇ ಅವರ ಮೇಲೆ ಸಿಟ್ಟು ಮಾಡುವುದು ಅಷ್ಟು ಕಷ್ಟವಾಗಿತ್ತು. ಅವರು ಕುಡಿಯುತ್ತಿರಲಿಲ್ಲ, ಇಸ್ಪೀಟು ಆಡುತ್ತಿರಲಿಲ್ಲ, ಯಾರಿಗೂ ಕೈಯೆತ್ತಿದವರಲ್ಲ. ಅವ್ವ ತನ್ನ ತವರಿನಲ್ಲಿ ದೂರು ಹೇಳಿದರೆ, "ಗಂಡ ಕಾರು ರಿಪೇರಿ ಮಾಡ್ತಾನೆ ಅಂತ ಅಳ್ತೀಯಲ್ಲೇ" ಎಂದು ಅವಳನ್ನೇ ಬೈಯುತ್ತಿದ್ದರು.

ಅವ್ವನ ತವರು ಸೊರಬ. ಅಲ್ಲಿದ್ದವರು ಅವಳ ಅಣ್ಣ, ನನ್ನ ಹಾಲಪ್ಪ ಮಾವ. ಮಾವನ ಹತ್ತಿರವೂ ಒಂದು ಹಳೆಯ ಕಾರಿತ್ತು. ಆನವಟ್ಟಿ ಸಂತೆಗೆ, ಜಡೆ ಊರಿನ ಮದುವೆಗಳಿಗೆ ಬಾಡಿಗೆಗೆ ಓಡಿಸುತ್ತಿದ್ದರು. ಅದಕ್ಕೆ ಲಾರಿಯ ದೀಪ, ಜೀಪಿನ ಚಕ್ರ, ಬಸ್ಸಿನ ಹಾರನ್ನು. ರೇಡಿಯೇಟರಿನ ಮುಚ್ಚಳ ಕಳೆದುಹೋದದ್ದಕ್ಕೆ ತೆಂಗಿನ ನಾರು ತುರುಕಿದ್ದರು. ಅದು ಓಡುತ್ತಿತ್ತು. ಮಾವ ನಮ್ಮ ಮನೆಗೆ ಬಂದಾಗಲೆಲ್ಲ ಅದನ್ನು ಜಗುಲಿಯ ಎದುರಿಗೇ ನಿಲ್ಲಿಸುತ್ತಿದ್ದರು. ಅಪ್ಪ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಭಾವ, ಎಂತಕ್ಕೆ ಮಾರಾಯ್ರೆ ಹೀಗೆ ಕಾಯ್ತೀರಿ? ಕಬ್ಬಿಣದ್ದೊಂದು ಗಾಲಿ ಎರಕ ಹೊಯ್ಸಿ ಹಾಕಿದ್ರೆ ಇವತ್ತೇ ಓಡ್ತದೆ."

"ಓಡ್ತೈತೆ. ಆದ್ರೆ ಅದು ಈ ಕಾರು ಆಗಿರಂಗಿಲ್ಲ. ನಿಂದು ಯಾವ ಕಾರು ಅಂತ ನಿನಗರ ಗೊತ್ತೈತೇನು?"

ಮಾವ ನಗುತ್ತಿದ್ದರು. ಅವ್ವ ನಗುತ್ತಿರಲಿಲ್ಲ.

ಅವಳ ತಾಳ್ಮೆ ಮುಗಿದದ್ದು ಉಪ್ಪಿನಕಾಯಿ ಭರಣಿಯಿಂದ. ಅವ್ವನ ಮಿಡಿ ಉಪ್ಪಿನಕಾಯಿ ನಮ್ಮ ಬೀದಿಗೇ ಹೆಸರುವಾಸಿ. ತವರಿನಿಂದ ತಂದ ಮಿಡಿಗಳನ್ನು ಅವಳು ಯಾರ ಕೈಗೂ ಕೊಡದೆ ತೊಳೆದು, ಒರೆಸಿ, ಉಪ್ಪಿನಲ್ಲಿಟ್ಟು, ನನ್ನ ಸೊಂಟದೆತ್ತರದ ಕಂದುಬಣ್ಣದ ಪಿಂಗಾಣಿ ಭರಣಿಯಲ್ಲಿ ತುಂಬಿಡುತ್ತಿದ್ದಳು. ಆ ವರ್ಷ ಅವಳು ಪಕ್ಕದ ಕೇರಿಯ ಬಾಣಂತಿಯನ್ನು ನೋಡಿಕೊಳ್ಳಲು ಹೋದ ಹೊತ್ತಿನಲ್ಲಿ, ಅಪ್ಪನಿಗೆ ಒಂದು ದೊಡ್ಡ ಸಾಮಾನನ್ನು ಮುಳುಗಿಸಿ ನೆನೆಹಾಕಲು ಆಳವಾದ ಪಾತ್ರೆ ಬೇಕಾಯಿತು. ಲೋಹದ ಪಾತ್ರೆ ಕೂಡದಂತೆ, ಪಿಂಗಾಣಿಯೇ ಆಗಬೇಕಂತೆ. ಉಪ್ಪಿನಕಾಯಿಯನ್ನೆಲ್ಲ ಹಿತ್ತಾಳೆ ಕೊಳಗಕ್ಕೆ ಬಗ್ಗಿಸಿ, ಮೇಲೆ ಬಟ್ಟೆ ಕಟ್ಟಿ ಅಟ್ಟಕ್ಕೆ ಏರಿಸಿದರು. ಯಾರಿಗೂ ಹೇಳಲಿಲ್ಲ. ಅವ್ವನಿಗೆ ಗೊತ್ತಾದದ್ದು ಹೊಸ ಉಪ್ಪಿನಕಾಯಿ ತೆಗೆಯಲು ಹೋದಾಗ. ಕೊಳಗದೊಳಗೆ ಮಿಡಿಗಳು ಕಿಲುಬು ಹಿಡಿದು ಹಸಿರಾಗಿದ್ದವು. ಭರಣಿ ಪಡಸಾಲೆಯಲ್ಲಿ, ಸೀಮೆಎಣ್ಣೆ ತುಂಬಿಕೊಂಡು ನಿಂತಿತ್ತು.

ಅವಳು ಕೂಗಾಡುತ್ತಾಳೆಂದು ನಾನೂ ಅಜ್ಜಿಯೂ ಕಾದೆವು. ಅವಳು ಕೊಳಗವನ್ನು ಹಿತ್ತಲಿಗೆ ಎತ್ತಿಕೊಂಡು ಹೋಗಿ ಬಾಳೆಯ ಬುಡಕ್ಕೆ ಸುರಿದಳು. ಬಂದು ಕೈ ತೊಳೆದಳು. ಟ್ರಂಕು ತೆಗೆದಳು.

"ಎಲ್ಲಿಗೆ?" ಎಂದರು ಅಪ್ಪ.

"ಸೊರಬಕ್ಕೆ."

"ಯಾವಾಗ ಬರ್ತಿ?"

"ಪಡಸಾಲೆ ಖಾಲಿ ಆದ ದಿನ ಹೇಳಿ ಕಳಿಸ್ರಿ. ಬರ್ತೀನಿ."

"ಗಾಲಿ ಬಂದ್ರೆ ಒಂದೇ ದಿನದ ಕೆಲಸ ಐತೆ..."

"ಅದನ್ನೇ ನಾನು ಮದ್ವೆ ಆದಾಗ್ಲಿಂದ ಕೇಳ್ತಿದೀನಿ," ಎಂದಳು ಅವ್ವ. ಕಾರು ಬಂದದ್ದು ಮದುವೆಯ ನಂತರವೇ. ಆದರೆ ಅವಳನ್ನು ಯಾರೂ ತಿದ್ದಲಿಲ್ಲ.

ಹೀಗೆ ನಾನು ವರ್ಷದ ನಡುವೆ ಸೊರಬದ ಶಾಲೆಗೆ ಸೇರಿದೆ. ಮಾವನ ಮನೆ ಸಣ್ಣದು, ಆದರೆ ಅಲ್ಲಿ ಕಾಲು ಚಾಚಬಹುದಿತ್ತು. ಮೊದಲ ದಿನಗಳಲ್ಲಿ ಅದೇ ನನಗೆ ದೊಡ್ಡ ಸುಖ. ಆಮೇಲೆ ಅಲ್ಲಿಯದೇ ಕಿರಿಕಿರಿ ಶುರುವಾಯಿತು. ನನ್ನ ಮಾತು ಕೇಳಿ ಅಲ್ಲಿಯ ಹುಡುಗಿಯರು "ಬಯಲುಸೀಮೆಯವಳು" ಎಂದು ಅಣಕಿಸುತ್ತಿದ್ದರು. ಲೆಕ್ಕದ ಪಾಠದಲ್ಲಿ ಅವರು ಮುಂದೆ ಹೋಗಿದ್ದರು, ಪದ್ಯದಲ್ಲಿ ನಾನು ಮುಂದಿದ್ದೆ. ಅವ್ವ ತವರಿನಲ್ಲೇ ಉಳಿದುಬಿಟ್ಟಳೇ, ನಾಲ್ಕು ದಿನ ಇದ್ದುಹೋಗಲು ಬಂದಿದ್ದಾಳೆಯೇ ಎಂದು ನೀರಿನ ಕಟ್ಟೆಯ ಹತ್ತಿರ ಹೆಂಗಸರು ನನ್ನನ್ನು ಕೇಳುತ್ತಿದ್ದರು. ಏನು ಹೇಳಬೇಕೆಂದು ಅವ್ವನನ್ನು ಕೇಳಿದರೆ, "ಗಾಲಿ ಬರೋದಿದೆ ಅಂತ ಹೇಳು" ಎಂದಳು, ಹಲ್ಲು ಕಚ್ಚಿ.

ಹಾಲಪ್ಪ ಮಾವನಿಗೆ ತಂಗಿಯನ್ನು ನೋಡಿ ಸಂಕಟವಾಗುತ್ತಿತ್ತು. ಒಂದು ದಿನ ಅವರು ಶಿಕಾರಿಪುರಕ್ಕೆ ಹೋಗಿ, ಹುಬ್ಬಳ್ಳಿಯಲ್ಲಿ ವಿಚಾರಿಸುತ್ತೇನೆಂದು ಹೇಳಿ, ಹಲ್ಲು ಉದುರಿದ ಗಾಲಿಯನ್ನು ಅಪ್ಪನಿಂದ ಇಸಿದುಕೊಂಡು ಬಂದರು. ಅದನ್ನು ಹಿಡಿದು ನೇರವಾಗಿ ಹೋದದ್ದು ಹಿಂದಿನ ಓಣಿಯ ಗುಡಿಗಾರ ಶೇಷಪ್ಪನ ಮನೆಗೆ. ಸೊರಬದ ಗುಡಿಗಾರರು ಗಂಧದ ಪೆಟ್ಟಿಗೆ, ದೇವರ ಮಂಟಪ ಕೆತ್ತುವವರು. ಶೇಷಪ್ಪ ಗಾಲಿಯನ್ನು ತಿರುಗಿಸಿ ನೋಡಿ ಮುಖ ಸಿಂಡರಿಸಿದ.

"ಎಂತದು ಇದು? ಇದ್ರಲ್ಲಿ ಕೆತ್ತೋದಕ್ಕೆ ಎಂತ ಉಂಟು? ಬಳ್ಳಿ ಇಲ್ಲ, ಹಂಸ ಇಲ್ಲ, ಬರೀ ಹಲ್ಲು."

"ಹಲ್ಲೇ ಬೇಕು ಮಾರಾಯ. ಜಾಲಿಮರದಲ್ಲಿ ಮಾಡು. ಕಬ್ಬಿನ ಗಾಣಕ್ಕೆ ಜಾಲಿ ಹಲ್ಲು ಆಗ್ತದೆ, ಕಾರಿಗೆ ಆಗೂದಿಲ್ವ?"

ಶೇಷಪ್ಪ ಒಪ್ಪಿದ, ಆದರೆ ಮನಸ್ಸಿಟ್ಟು ಅಲ್ಲ. ಮೊದಲನೆಯದು ಸೀಳಿತು. ಎರಡನೆಯದರ ಹಲ್ಲು ದಪ್ಪವಾಯಿತು. ನಾನು ಶಾಲೆ ಬಿಟ್ಟ ಮೇಲೆ ದಿನವೂ ಹೋಗಿ, "ಆಯ್ತಾ?" ಎಂದು ಕೇಳುತ್ತಿದ್ದೆ. "ಆಗ್ತದೆ" ಎನ್ನುತ್ತಿದ್ದ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೊಂದು ಸರಿಯಾಗಿ ಬಂತು. ಅದನ್ನು ತರಲು ನಾನೂ ಮಾವನೂ ಹೋದರೆ, ಶೇಷಪ್ಪ ಅದರ ಒಂದು ಮುಖದ ನಡುವೆ ಸಣ್ಣದೊಂದು ತಾವರೆ ಕೆತ್ತಿ ಕೂತಿದ್ದ.

"ಇದ್ಯಾಕೋ?" ಎಂದು ಮಾವ ಹಣೆ ಚಚ್ಚಿಕೊಂಡರು.

"ಬೋಳು ಕಾಣ್ತಿತ್ತು," ಎಂದ ಶೇಷಪ್ಪ.

ಹೂವನ್ನು ಉಜ್ಜಿ ತೆಗೆದರೆ ಗಾಲಿ ತೆಳುವಾಗುತ್ತದೆಂದು ಮಾವ ಹಾಗೇ ಬಿಟ್ಟರು. ಎಣ್ಣೆಯಲ್ಲಿ ನೆನೆಸಿ, ಕಂದುಬಣ್ಣ ಬರುವಂತೆ ಒರೆಸಿ, ಕಾಗದದಲ್ಲಿ ಸುತ್ತಿ, ಹುಬ್ಬಳ್ಳಿಯಿಂದ ಬಂತೆಂದು ಅಪ್ಪನಿಗೆ ಮುಟ್ಟಿಸಿದರು. ನನಗೂ ಅವ್ವನಿಗೂ ಬಾಯಿ ಬಿಡಬೇಡಿ ಎಂದರು. ಅವ್ವ ತಲೆ ಅಲ್ಲಾಡಿಸಿದಳು. "ಗಾಲಿ ಯಾವುದಾದ್ರೂ ನಂಗೇನು? ನಂಗೆ ಪಡಸಾಲೆ ಬೇಕು," ಎಂದಳು.

ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಓಣಿಯ ಮಕ್ಕಳೆಲ್ಲ ಕೂಗುತ್ತ ಓಡಿ ಬಂದರು. ಅವರ ಹಿಂದೆ ಕಪ್ಪು ಕಾರು. ಒಳಗೆ ಅಪ್ಪ, ಬಿಳಿ ಪಂಚೆ, ಕೋಟು, ಹಣೆಯಲ್ಲಿ ವಿಭೂತಿ. ಶಿರಾಳಕೊಪ್ಪದ ಮೇಲಿಂದ ಎಲ್ಲೂ ನಿಲ್ಲಿಸದೆ ಬಂದಿದ್ದರು. ಹೆಂಡತಿಯನ್ನು ಕಾರಿನಲ್ಲಿ ಕರೆದೊಯ್ಯಲು ಬಂದ ಗಂಡನನ್ನು ನೋಡಲು ಓಣಿಯೇ ನೆರೆಯಿತು. ಅವ್ವ ಬಾಗಿಲ ಹಿಂದೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಟ್ರಂಕು ಆಗಲೇ ಕಟ್ಟಿಯಾಗಿತ್ತು. ಊಟ ಮಾಡಿ ಹೊರಡುವುದಷ್ಟೇ ಉಳಿದಿತ್ತು.

ಆ ಊಟ ಸುಮ್ಮನೆ ಮುಗಿದಿದ್ದರೆ ನಮ್ಮ ಬದುಕು ಬೇರೆಯಾಗುತ್ತಿತ್ತೋ ಏನೋ. ಅಪ್ಪನಿಗೆ ಸುಮ್ಮನಿರಲು ಆಗಲಿಲ್ಲ. ಅನ್ನ ಕಲಸುತ್ತಾ, ಎದುರು ಕೂತ ಮಾವನಿಗೆ ಪಾಠ ಶುರುಮಾಡಿದರು.

"ಹಾಲಪ್ಪ, ಒಂಚೂರರ ಸದ್ದು ಕೇಳಿಸ್ತೇನು? ರೇಷ್ಮೆ ಎಳೆದಂಗೆ ಬಂತು. ಇದಕ್ಕ ನಾನು ಹೇಳಿದ್ದು, ಕಂಪನಿ ಸಾಮಾನು ಕಂಪನಿ ಸಾಮಾನೇ. ಕೈಯಾಗ ಹಿಡಿದ ಕೂಡ್ಲೆ ನಂಗೆ ಗೊತ್ತಾತು. ಹಿಂದುಗಡೆ ಅವರ ಮುದ್ರೆನೂ ಐತೆ."

"ಎಂತ ಮುದ್ರೆ?" ಎಂದರು ಮಾವ, ಎಲೆಯಿಂದ ತಲೆ ಎತ್ತದೆ.

"ಹೂವಿಂದು. ಸಣ್ಣದು. ಎಷ್ಟು ನಾಜೂಕು ಅಂತಿ! ನಮ್ಮ ಜನಕ್ಕೆ ಸಾವಿರ ವರ್ಷ ಆದ್ರೂ ಅಂಥ ಕೆಲಸ ಬರಂಗಿಲ್ಲ."

ಮಾವನಿಗೆ ಅನ್ನ ನೆತ್ತಿಗೇರಿತು. ಕೆಮ್ಮಿದರು, ಕೆಮ್ಮುತ್ತಾ ನಕ್ಕರು, ನಗು ತಡೆಯಲು ನೀರು ಕುಡಿದು ಅದನ್ನೂ ಉಗುಳಿದರು. ಅಪ್ಪ ಏನೆಂದು ತಿಳಿಯದೆ ನಮ್ಮನ್ನೆಲ್ಲ ನೋಡಿದರು. ಅವ್ವ ಸಾರಿನ ಸೌಟು ಹಿಡಿದು ನಿಂತಿದ್ದಳು. ಅವಳು ನಗಲಿಲ್ಲ.

"ಅದು ನಮ್ಮ ಹಿಂದಿನ ಓಣಿ ಶೇಷಪ್ಪ ಕೆತ್ತಿದ ತಾವರೆ ಕಣ್ರೀ. ಗಾಲಿನೂ ಅವನೇ ಕೆತ್ತಿದ್ದು. ಜಾಲಿ ಕಟ್ಟಿಗೆ."

ಅಪ್ಪ ಎಲೆಯಲ್ಲಿದ್ದ ಅನ್ನವನ್ನು ಪೂರ್ತಿ ಉಂಡರು. ಮಜ್ಜಿಗೆಯನ್ನೂ ಹಾಕಿಸಿಕೊಂಡರು. ಎದ್ದು ಕೈ ತೊಳೆದು, ಕೋಟು ಬಿಚ್ಚಿ ಮೊಳೆಗೆ ಹಾಕಿ, ಅಂಗಳಕ್ಕೆ ಇಳಿದು ಕಾರಿನ ಬಾನೆಟ್ಟು ಎತ್ತಿದರು. ನಾವೆಲ್ಲ ನೋಡುತ್ತಿದ್ದಂತೆ ರೇಡಿಯೇಟರು ಹೊರಗೆ ಬಂತು, ಮುಂದಿನ ತಗಡು ಬಂತು, ಕೊನೆಗೆ ಆ ಗಾಲಿಯೂ ಬಂತು. ಅದನ್ನು ಪಂಚೆಯಿಂದ ಒರೆಸಿ ಹೂವನ್ನು ಬಹಳ ಹೊತ್ತು ನೋಡಿದರು. ಬಯ್ಯಲಿಲ್ಲ. ಮಾವನ ಜಗುಲಿಯ ಗೂಡಿನಲ್ಲಿ ಮೆಲ್ಲಗೆ ಇಟ್ಟರು.

"ಭಾವ, ಓಡ್ತಿತ್ತಲ್ರೀ! ಓಡೋ ಕಾರು ಬಿಚ್ಚಿದ್ರಲ್ಲ!" ಮಾವನ ನಗು ಆರಿಹೋಗಿತ್ತು.

"ಸುಳ್ಳಿನ ಮ್ಯಾಲೆ ಓಡ್ತಿತ್ತು," ಎಂದರು ಅಪ್ಪ. "ಅಸಲಿ ಬರತಂಕ ಇದು ಇಲ್ಲೇ ಇರ್ತೈತೆ. ನಾನೂ ಇಲ್ಲೇ ಇರ್ತೀನಿ. ಇಲ್ದಿದ್ರೆ ನೀನು ಇನ್ನೇನೋ ತುರುಕ್ತೀಯ."

ಅವ್ವ ಟ್ರಂಕನ್ನು ತಾನೇ ಎತ್ತಿ ತಂದು ಬಾಗಿಲಲ್ಲಿಟ್ಟಳು.

"ನೀವು ಇಲ್ಲೇ ಇರ್ರಿ. ನಾನು ನಮ್ಮನೆಗೆ ಹೋಗ್ತೀನಿ. ಗಿರಿಜಾ, ನಡಿ, ಬಸ್ಸಿಗೆ ಹೊತ್ತಾತು."

ಮನೆ ಮುಟ್ಟಿದಾಗ ಅಜ್ಜಿ ನಮ್ಮ ಹಿಂದೆ ಯಾರಾದರೂ ಬರುತ್ತಾರೆಯೇ ಎಂದು ಬೀದಿಯನ್ನು ಇಣುಕಿ ನೋಡಿದಳು.

"ನನ್ನ ಮಗ ಎಲ್ಲೇ?"

"ನಿಮ್ಮ ಮಗ ಮನೆ ಅಳಿಯ ಆಗಿ ಉಳಕಂಡ್ರು ಅತ್ತೆ."

ಅಜ್ಜಿ ಬೈಯುತ್ತಾಳೆ ಎಂದುಕೊಂಡೆ. ಅವಳು ಪಡಸಾಲೆಯ ಕಡೆ ನೋಡಿದಳು, ಅವ್ವನ ಕಡೆ ನೋಡಿದಳು. "ಹಂಗಾರೆ ಗಾಡಿ ಹೂಡ್ಸು," ಎಂದಳು. ಮರುದಿನ ಬೆಳಿಗ್ಗೆ ಅವ್ವ, ಅಜ್ಜಿ, ನಾನು ಸೇರಿ ಆ ಪಡಸಾಲೆಯಲ್ಲಿ ಉಳಿದದ್ದನ್ನೆಲ್ಲ, ಹೆಚ್ಚಿನ ಚಕ್ರ, ಹಳೆಯ ಸ್ಪ್ರಿಂಗುಗಳು, ಡಬ್ಬಿ, ಸ್ಪ್ಯಾನರು, ಎಣ್ಣೆ ಬೋಗುಣಿ, ಎಲ್ಲವನ್ನೂ ಎತ್ತಿನ ಗಾಡಿಗೆ ಹೇರಿ ಸೊರಬಕ್ಕೆ ಸಾಗಿಸಿಬಿಟ್ಟೆವು. ನೆಲ ಎಣ್ಣೆ ಕುಡಿದು ಕಪ್ಪಾಗಿತ್ತು. ಎಷ್ಟು ಸಾರಿಸಿದರೂ ಹೋಗಲಿಲ್ಲ. ಅವ್ವ ಗುದ್ದಲಿ ತಂದು ಆ ಮಣ್ಣನ್ನೇ ಅಗೆದು ಹೊರಗೆ ಹಾಕಿದಳು. ಕೆರೆಯ ಕಡೆಯಿಂದ ಹೊಸ ಮಣ್ಣು ತರಿಸಿ, ನೀರು ಚಿಮುಕಿಸಿ, ಮರದ ಕೊರಡಿನಿಂದ ಬಡಿದೂ ಬಡಿದೂ ಸಮ ಮಾಡಿದೆವು. ಕೈಯಲ್ಲಿ ಬೊಬ್ಬೆ ಬಂದವು. ನೆಲ ಒಣಗಿದ ಮೇಲೆ ನಾನು ಅದರ ನಟ್ಟನಡುವೆ ಅಂಗಾತ ಮಲಗಿ ಕೈಕಾಲು ಚಾಚಿದೆ. ತೊಲೆಗಳ ಮೇಲಿನ ಕೆತ್ತನೆಯನ್ನು ನಾನು ನೋಡಿದ್ದು ಅದೇ ಮೊದಲು. ಕಿಟಕಿಯ ಕೆಳಗಿನ ಜಾಗ ನನ್ನದೆಂದು ಅವ್ವ ತೋರಿಸಿದಳು. ನನ್ನ ಪಾಟಿಚೀಲಕ್ಕೆ ಗೂಟ ಹೊಡೆದಳು. ಮುಂದೆ ನಾನು ಓದಿ ಟೀಚರಾದೆನೆಂದರೆ ಅದು ಆ ಕಿಟಕಿಯ ಬೆಳಕಿನಲ್ಲಿ ಶುರುವಾದದ್ದು. ಅಪ್ಪ ಮನೆಯಲ್ಲಿದ್ದಿದ್ದರೆ ಆ ಜಾಗ ನನಗೆ ಸಿಗುತ್ತಿರಲಿಲ್ಲ ಎನ್ನುವುದು ನಿಜ. ಅವರಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು ಎನ್ನುವುದೂ ನಿಜ. ಅವ್ವ ಮೂರು ಜನಕ್ಕೆ ಹಿಟ್ಟು ಕಲಸಲು ಹೋಗಿ ನಾಲ್ಕು ಜನಕ್ಕೆ ಕಲಸಿ, ಮಿಕ್ಕ ರೊಟ್ಟಿಯನ್ನು ಎಮ್ಮೆಗೆ ಹಾಕುತ್ತಾ ಎಮ್ಮೆಯನ್ನೇ ಬೈಯುತ್ತಿದ್ದಳು.

ರಜೆ ಬಂದಾಗ ಅವ್ವ ನನ್ನನ್ನು ಸೊರಬದ ಬಸ್ಸು ಹತ್ತಿಸಿದಳು. ಅಪ್ಪ ತಮ್ಮ ಹಳೆಯ ದಪ್ಪ ಬಟ್ಟೆ ಬೇಕೆಂದು ಹೇಳಿಕಳಿಸಿದ್ದರು. ಗಂಟು ಕಟ್ಟಿ ಕೊಟ್ಟಳು. ಅದು ಯಾಕೆಂದು ನನಗೆ ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆ. ಕಂಪನಿಯವರು ಬಟ್ಟೆಯಿಂದಲೇ ಮಾಡಿದ್ದರೆ ತಾನೂ ಬಟ್ಟೆಯಿಂದಲೇ, ಅದೇ ರೀತಿಯಲ್ಲಿ ಮಾಡುತ್ತೇನೆಂದು ಅಪ್ಪ ಹೊರಟಿದ್ದರು. ಮುದ್ರೆಯ ವಿಷಯದಲ್ಲಿ ಊರೆಲ್ಲ ನಕ್ಕ ಮೇಲೆ ಅವರು ಬಿಳಿಚಿಕೊಂಡಿದ್ದರು, ಕೆನ್ನೆ ಇಳಿದಿತ್ತು. ಶೇಷಪ್ಪನ ಮನೆಯ ಜಗುಲಿಯಲ್ಲಿ ಅವನ ಪಕ್ಕದಲ್ಲೇ ಕೂತು ಬಟ್ಟೆ ಕತ್ತರಿಸುತ್ತಿದ್ದರು. ಒಂದೊಂದು ಪದರಕ್ಕೂ ಬಡಗಿಗಳು ಮರ ಅಂಟಿಸುವ ಮರವಜ್ರ ಕಾಯಿಸಿ ಬಳಿದು, ಮೇಲೆ ಒರಳುಕಲ್ಲು ಹೇರಿ ಒಣಗಿಸಿದರು. ಗರಗಸದಲ್ಲಿ ಹಲ್ಲು ಕೊರೆದರು. ನೋಡಲು ಅಚ್ಚುಕಟ್ಟಾಗಿತ್ತು, ಮುರಿದ ಅಸಲಿಯ ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ತಿಳಿಯದಷ್ಟು. ಕೂರಿಸಿ ಹ್ಯಾಂಡಲು ತಿರುಗಿಸಿದಾಗ ಎಂಜಿನ್ನು ಎದ್ದಿತು. ಅಪ್ಪ ನನ್ನ ಕಡೆ ತಿರುಗಿ ನಕ್ಕರು. ನಾನು ಆ ನಗುವನ್ನು ಮರೆತಿಲ್ಲ, ಏಕೆಂದರೆ ಅದು ಮುಗಿಯುವ ಮೊದಲೇ ಎಂಜಿನ್ನು ಕೊಸರಾಡಿ ನಿಂತಿತು. ಬಿಸಿ ಎಣ್ಣೆಗೆ ಮರವಜ್ರ ಕರಗಿತ್ತು. ತಗಡು ಬಿಚ್ಚಿ ಅಪ್ಪ ಕೈ ಹಾಕಿದರೆ ಅಂಬಲಿಯಂಥದೇನೋ ಬೆರಳಿನಿಂದ ಸುರಿಯಿತು.

ಅವರು ಬೆರಳನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ಹೇಳಿದರು:

"ಅಂಟು ಬದಲು ಮಾಡಿ ನೋಡ್ಬೇಕು. ಅರಗು ಹಾಕಿದ್ರೆ ನಿಲ್ತೈತೆ."

ನಾನು ಎದ್ದು ನಿಂತೆ.

"ಸಾಕಪ್ಪಾ! ಸಾಕು!" ಎಂದು ಕಿರುಚಿದೆ. "ನಿಮಗೆ ಕಾರು ಓಡೋದು ಬೇಕಾಗೇ ಇಲ್ಲ! ಕಾಯೋದು ಬೇಕು ಅಷ್ಟೆ! ನಾವು ಅಲ್ಲಿ ನಿಮ್ಮ ಪಾಲಿನ ರೊಟ್ಟಿ ಎಮ್ಮೆಗೆ ಹಾಕ್ತಿದೀವಿ!"

ಓಣಿಯಲ್ಲಿ ನಿಂತವರು ಬೆರಗಾದರು. ಹೆಣ್ಣುಮಕ್ಕಳು ಅಪ್ಪನ ಎದುರು ಹಾಗೆ ದನಿಯೆತ್ತುವ ಕಾಲ ಅದಲ್ಲ. ಮಾವ ನನ್ನ ತೋಳು ಹಿಡಿದರು. ಅಪ್ಪ ತಲೆಯೆತ್ತಿ ನನ್ನನ್ನು ನೋಡಿದರು, ನನ್ನನ್ನು ಅಷ್ಟು ಹೊತ್ತು ಅವರು ಹಿಂದೆಂದೂ ನೋಡಿರಲಿಲ್ಲ. "ಎಮ್ಮೆಗಾ?" ಎಂದು ಮೆಲ್ಲಗೆ ಕೇಳಿದರು. ನಾನು ಅಳುತ್ತಾ ಒಳಗೆ ಓಡಿದೆ. ಮರುದಿನ ಬಸ್ಸು ಹತ್ತಿಸಲು ಅವರೇ ಬಂದರು. ಒಂದು ಪೊಟ್ಟಣ ಪುರಿ ಕೊಡಿಸಿದರು.

ಆಮೇಲೆ ಕೆಲವೇ ದಿನಗಳು. ಒಂದು ಬೆಳಿಗ್ಗೆ ಅವ್ವ ರೊಟ್ಟಿ ತಟ್ಟುತ್ತಿದ್ದಳು. ಬೀದಿಯಲ್ಲಿ ಕಾರು ನಿಂತದ್ದು ನಮಗೆ ಕೇಳಿಸಲೇ ಇಲ್ಲ. ಮಾವ ಕೂಗಿದಾಗ ಹೊರಗೆ ಬಂದೆವು. ಕಪ್ಪು ಕಾರನ್ನು ಮಾವ ಓಡಿಸಿಕೊಂಡು ಬಂದಿದ್ದರು. ಅಪ್ಪ ಹಿಂದಿನ ಸೀಟಿನಲ್ಲಿ, ಬಾಡಿಗೆಗೆ ಕೂತವರ ಹಾಗೆ, ಮಡಿಲಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡಿದ್ದರು. ಇಳಿದು ಹೊಸಿಲ ಹತ್ತಿರ ಬಂದು ಪಡಸಾಲೆಯ ಹೊಸ ನೆಲ ನೋಡಿದರು. ಚಪ್ಪಲಿಯನ್ನು ಜಗುಲಿಯ ಕೆಳಗೇ ಬಿಟ್ಟರು. ಆಮೇಲೆ ಬೀದಿಯ ಕಡೆ ತಿರುಗಿ ಹೇಳಿದರು:

"ಹಾಲಪ್ಪ, ಕಾರು ನೀನೇ ಇಟ್ಕೋ. ನಿನ್ನ ಬಾಡಿಗೆಗೆ ಆಗ್ತೈತೆ. ನಂಗೆ ಬ್ಯಾಡ."

ಮಾವ ಬಾಯಿ ತೆರೆದು ನಿಂತರು. ಅಜ್ಜಿ "ಶಿವನೇ" ಎಂದಳು. ಅವ್ವನಿಗೆ ಸಂತೋಷವಾಗುತ್ತದೆಂದು ನಾನು ಅವಳ ಮುಖ ನೋಡಿದೆ. ಅವಳ ಮುಖ ಕೆಂಪಾಗಿತ್ತು.

"ಬ್ಯಾಡ್ವಾ?" ಎಂದಳು. "ಈಗ ಬ್ಯಾಡ್ವಾ? ಇಷ್ಟು ವರ್ಷ ನನ್ನ ಮನೆ ತಿಂದು, ನನ್ನ ಉಪ್ಪಿನಕಾಯಿ ತಿಂದು, ನಾನು ಒಂದು ದಿನನೂ ಕೂರದೇ ಇರೋ ಕಾರನ್ನ ಕೊಟ್ಟು ಕಳಿಸ್ತೀರಾ?"

ಅವಳು ಹಿಟ್ಟಿನ ಕೈಯಲ್ಲೇ ಜಗುಲಿ ಇಳಿದು ಹೋಗಿ ಮುಂದಿನ ಬಾಗಿಲು ತೆಗೆದು ಕೂತಳು.

"ಅಣ್ಣ, ಹೊಡಿ. ಗಿರಿಜಾ, ಹತ್ತು."

"ಎಲ್ಲಿಗೆ ಮಾರಾಯ್ತಿ?"

"ಅಂಜನಾಪುರಕ್ಕೆ. ಎಲ್ಲಾದ್ರೂ ಸರಿ, ಹೊಡಿ."

ಪೇಟೆ ಬೀದಿಯಲ್ಲಿ ಅಂಗಡಿಯವರು ಎದ್ದು ನಿಂತು ನೋಡಿದರು. ತಲೆಯ ಮೇಲೆ ಸೆರಗಿಲ್ಲದೆ, ಕೈಯಲ್ಲಿ ಜೋಳದ ಹಿಟ್ಟು ಮೆತ್ತಿಕೊಂಡು, ಅವ್ವ ನೆಟ್ಟಗೆ ಕೂತಿದ್ದಳು. ಕಾರು ನಿಜವಾಗಿಯೂ ಸದ್ದಿಲ್ಲದೆ ಓಡುತ್ತಿತ್ತು. ಗದ್ದೆಗಳು, ಕಾಲುವೆ, ಕಬ್ಬಿನ ತೋಟ ದಾಟಿ ಜಲಾಶಯದ ಏರಿಯ ಹತ್ತಿರ ಮಾವ ನಿಲ್ಲಿಸಿದರು. ಎದುರಿಗೆ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಅವ್ವ ಇಳಿಯಲಿಲ್ಲ. ಗಾಜಿನೊಳಗಿಂದಲೇ ಸ್ವಲ್ಪ ಹೊತ್ತು ನೋಡಿದಳು.

"ಇಷ್ಟೇನಾ?" ಎಂದಳು.

"ಎಂತ ಇಷ್ಟೇನಾ?"

"ಇಷ್ಟಕ್ಕಾ ಅಷ್ಟೆಲ್ಲ?"

ಮಾವ ಕಾರನ್ನು ತಿರುಗಿಸಿದರು. ದಾರಿಯುದ್ದಕ್ಕೂ ಅವ್ವ ಕೈಬೆರಳಿಗೆ ಅಂಟಿ ಒಣಗಿದ ಹಿಟ್ಟನ್ನು ಉಜ್ಜಿ ಉಜ್ಜಿ ಹೊರಗೆ ಉದುರಿಸುತ್ತಿದ್ದಳು. ನನಗೆ ಅಳು ಬರುವಂತಾಗಿತ್ತು. 'ಇಷ್ಟೇನಾ' ಎಂಬ ಆ ಮಾತಿಗೆ ಮುಂದೆ ನಾನೂ ಬದುಕಿನಲ್ಲಿ ಹಲವು ಸಲ ಉತ್ತರ ಹುಡುಕಿದ್ದೇನೆ, ಸಿಕ್ಕಿಲ್ಲ.

ಮನೆ ಮುಂದೆ ಇಳಿದಾಗ ಒಳಗಿನಿಂದ ಸೀದ ರೊಟ್ಟಿಯ ಹೊಗೆ ಬರುತ್ತಿತ್ತು, ಅಜ್ಜಿ ಬೈಯುತ್ತಿದ್ದಳು. ಅಪ್ಪ ಜಗುಲಿಯ ಮೇಲೇ ಕೂತಿದ್ದರು. ಪಡಸಾಲೆಗೆ ಕಾಲಿಟ್ಟಿರಲಿಲ್ಲ. ಅವ್ವನನ್ನು ನೋಡಿ ಎದ್ದರು.

"ಹೆಂಗಿತ್ತು?"

ಅವ್ವ ನಿಂತಳು. ಏರಿಯ ಮೇಲೆ ಆಡಿದ ಮಾತನ್ನೇ ಇಲ್ಲೂ ಆಡುತ್ತಾಳೆಂದು ನಾನು ಹೆದರಿದೆ.

"ಚಲೋ ಇತ್ರೀ," ಎಂದಳು.

"ಸದ್ದು ಬಂತೇನು?"

"ಇಲ್ಲ. ಒಂಚೂರೂ ಇಲ್ಲ."

"ಬರಂಗಿಲ್ಲ," ಎಂದರು ಅಪ್ಪ. ಕಾರಿನ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದರು. "ಶೇಷಪ್ಪಂದೇ ಗಾಲಿ ಅದು. ಕೂರ್ಸಿದ್ದು ನಾನು."